ಮಕ್ಕಳ ನಿದ್ದೆ, ಮೊಬೈಲು, ಮಳೆಗಾಲ: ಈ ವರ್ಷ ಊರಿಗೆ ಬಂದವರಿಗೆ

ಮನೆ ಸಿಕ್ಕಿತು, ಗ್ಯಾಸ್ ಬಂತು, ಹಾಲಿನವರು ಗೊತ್ತಾದರು. ಇನ್ನು ಮಕ್ಕಳ ವಿಷಯ. ವರ್ಕ್ ಫ್ರಂ ಹೋಂ ಅಂತ ಬೆಂಗಳೂರು ಬಿಟ್ಟು ಶಿವಮೊಗ್ಗ, ತೀರ್ಥಹಳ್ಳಿ, ಸಾಗರದ ಕಡೆ ಬಂದವರು ನಮ್ಮ ಸಂಘಕ್ಕೆ ಫೋನ್ ಮಾಡಿ ಜಾಸ್ತಿ ಕೇಳುವುದು ಒಂದೇ: "ಹನ್ನೆರಡಾದರೂ ಮಲಗಲ್ಲ, ಮೊಬೈಲ್ ಬಿಡಲ್ಲ, ಏನ್ ಮಾಡೋದು?"

ಮೊಬೈಲ್ ಕಸಿಯಬೇಡಿ. ಹಳೇ ಸ್ನೇಹಿತರೆಲ್ಲ ಅದರೊಳಗೇ ಇದ್ದಾರೆ, ಇಲ್ಲಿ ಯಾರೂ ಪರಿಚಯವಿಲ್ಲ, ಸಾಲದ್ದಕ್ಕೆ ಮಳೆ ಹಿಡಿದಿದೆ. ನಿದ್ದೆಯಿಂದ ಶುರು ಮಾಡಿ. 6ರಿಂದ 12 ವರ್ಷದವರಿಗೆ 9ರಿಂದ 12 ಗಂಟೆ, ಹದಿಹರೆಯದವರಿಗೆ 8ರಿಂದ 10 ಗಂಟೆ ನಿದ್ದೆ ಬೇಕು. ಮಲಗಿಸುವುದು ಕಷ್ಟ, ಎಬ್ಬಿಸುವುದು ನಮ್ಮ ಕೈಯಲ್ಲಿದೆ. ದಿನಾ ಒಂದೇ ಹೊತ್ತಿಗೆ ಎಬ್ಬಿಸಿ ಜಗಲಿಗೆ ಕರೆತನ್ನಿ. ಬಿಸಿಲೆಲ್ಲಿದೆ ಅಂತೀರಾ? ಮೋಡದ ಬೆಳಕೂ ಟ್ಯೂಬ್‌ಲೈಟಿಗಿಂತ ಎಷ್ಟೋ ಜಾಸ್ತಿ. ಅದು ಕಣ್ಣಿಗೆ ಬಿದ್ದರೇನೇ ಮೈಗೆ ಹಗಲು ಯಾವುದು, ರಾತ್ರಿ ಯಾವುದು ಅಂತ ಗೊತ್ತಾಗುವುದು. ರಾತ್ರಿ ಎಲ್ಲರ ಮೊಬೈಲೂ ಅಡುಗೆಮನೆಯಲ್ಲಿ ಚಾರ್ಜಿಗೆ. ನಿಮ್ಮದೂ. (ನಮ್ಮ ಮನೆಯಲ್ಲಿ ಇದಕ್ಕೆ ತಕರಾರು ತೆಗೆದದ್ದು ಮಗಳಲ್ಲ, ನಾನೇ.)

2ರಿಂದ 4 ವರ್ಷದವರಿಗೆ ದಿನಕ್ಕೆ 1 ಗಂಟೆಗಿಂತ ಹೆಚ್ಚು ಸ್ಕ್ರೀನ್ ಬೇಡ ಅನ್ನುತ್ತದೆ ವಿಶ್ವ ಆರೋಗ್ಯ ಸಂಸ್ಥೆ. ದೊಡ್ಡ ಮಕ್ಕಳಿಗೆ ಮೊಬೈಲಿನಲ್ಲೂ ಪಾಠ ಇರುತ್ತದೆ, ಲೆಕ್ಕ ಹಿಡಿದು ಜಗಳ ಆಡಬೇಡಿ. ಸಾಧ್ಯವಾದರೆ ಪಾಠ ಟೀವಿಯಲ್ಲಿ ಹಾಕಿ. ಟೀವಿ ದೂರದಲ್ಲಿರುತ್ತದೆ, ನೋಟಿಫಿಕೇಷನ್ ಕಾಟವಿಲ್ಲ. ಹಳ್ಳಿ ಕಡೆ ಮನೆ ಮಾಡಿದ್ದರೆ, ನೆಟ್‌ವರ್ಕ್ ಹುಡುಕಿ ಕೊಡೆ ಹಿಡಿದು ಗುಡ್ಡ ಹತ್ತುವ ಮಕ್ಕಳನ್ನು ನೋಡಿಯೇ ಇರುತ್ತೀರಿ. ಪಾಪ ಅನಿಸುತ್ತದೆ, ನಿಜ. ಆದರೂ ಮನೆಯಲ್ಲಿ ವೈಫೈ ಇದ್ದರೂ ವಾರಕ್ಕೊಂದೆರಡು ದಿನ ನಿಮ್ಮ ಮಗುವನ್ನೂ ಅವರ ಜೊತೆ ಕಳಿಸಿ. ಹೊಸ ಊರಲ್ಲಿ ಸ್ನೇಹ ಆಗುವುದು ಹಾಗೇ. ಕಾಲಿಗೆ ಉಂಬಳ (ಜಿಗಣೆ) ಹತ್ತುತ್ತದೆ, ಉಪ್ಪು ಕೊಟ್ಟು ಕಳಿಸಿ. ಗುಡುಗು ಇದ್ದರೆ ಮಾತ್ರ ಬೇಡ.

ಮನೆಯಲ್ಲಿ ಯಾರಾದರೂ ಕೊರೊನಾದಿಂದ ಹೋಗಿದ್ದರೆ "ದೂರದ ಊರಿಗೆ ಹೋಗಿದ್ದಾರೆ" ಅಂತ ಹೇಳಬೇಡಿ. ಮಗು ಕಾಯುತ್ತದೆ. ತೀರಿಕೊಂಡರು ಅಂತಲೇ ಹೇಳಿ, ಎದುರಿಗೇ ಅತ್ತರೂ ಪರವಾಗಿಲ್ಲ.

ಎರಡು ವಾರ ಕಳೆದರೂ ಊಟ ಸೇರದೆ ಇದ್ದರೆ, ಬಿಟ್ಟುಹೋಗಿದ್ದ ಹಾಸಿಗೆ ಒದ್ದೆ ಮತ್ತೆ ಶುರುವಾದರೆ, ಕಾರಣವಿಲ್ಲದೆ ಹೊಟ್ಟೆನೋವು ಅಂದರೆ ತೋರಿಸಿ. ಶಿವಮೊಗ್ಗದ ಮೆಗ್ಗಾನ್ ಆಸ್ಪತ್ರೆಯಲ್ಲಿ ಮನೋವೈದ್ಯರಿದ್ದಾರೆ. ಸಾಯುವ ಮಾತಾಡಿದರೆ ಎರಡು ವಾರ ಕಾಯಬೇಡಿ, ಅವತ್ತೇ ಹೊರಡಿ. ಮಗು ತಾನೇ ಯಾರ ಹತ್ತಿರವಾದರೂ ಮಾತಾಡಬೇಕು ಅಂದರೆ ಮಕ್ಕಳ ಸಹಾಯವಾಣಿ 1098 ಇದೆ, ನಡುರಾತ್ರಿಯೂ ಮಾಡಬಹುದು, ದುಡ್ಡು ಬೀಳಲ್ಲ.