ಕ್ಯಾನರಿ ರಿಲೀಸ್ ತಾನಾಗೇ ನಡೆಯಬೇಕಾ? ಮೊದಲು ಅಳತೆ ಸರಿ ಮಾಡಿಕೊಳ್ಳಿ

ಹಳೇ ಕೆಲಸದಲ್ಲಿ ಒಂದು ಶುಕ್ರವಾರ ಸಂಜೆ ಪೇಮೆಂಟ್ ಸರ್ವಿಸ್‌ನ ಹೊಸ ವರ್ಷನ್ ಬಿಟ್ಟೆವು. ಬರೀ 5% ಟ್ರಾಫಿಕ್‌ಗೆ, ಅಂದರೆ ನೂರು ರಿಕ್ವೆಸ್ಟ್‌ನಲ್ಲಿ ಐದಕ್ಕೆ ಮಾತ್ರ. ಹೊಸದನ್ನು ಹೀಗೆ ಮೊದಲು ಸ್ವಲ್ಪ ಟ್ರಾಫಿಕ್‌ಗೆ ಬಿಟ್ಟು ನೋಡೋದಕ್ಕೇ ಕ್ಯಾನರಿ ರಿಲೀಸ್ ಅನ್ನೋದು. ಡ್ಯಾಶ್‌ಬೋರ್ಡ್ ಪೂರ್ತಿ ಹಸಿರಾಗಿತ್ತು. ನಾನು ಬೆಳ್ಳಂದೂರಿನ ಆಫೀಸಿನಿಂದ ಹೊರಟು ಬಸ್ಸು ಸಿಲ್ಕ್ ಬೋರ್ಡ್ ಹತ್ತಿರ ನಿಂತಿದ್ದಾಗ ಸಪೋರ್ಟ್‌ನವರ ಫೋನ್ ಬಂತು, ದುಡ್ಡು ಕಟ್ಟೋಕೆ ಆಗ್ತಿಲ್ಲ ಅಂತ ದೂರುಗಳು ಬರ್ತಾನೇ ಇವೆ ಅಂತ. ಹೊಸ ವರ್ಷನ್‌ನಲ್ಲಿ ಐದು ಪೇಮೆಂಟ್‌ಗೆ ಒಂದು ಬೀಳುತ್ತಿತ್ತು. ಆದರೂ ಅಲಾರಂ ಹೊಡೆದಿರಲಿಲ್ಲ.

ಯಾಕೆ ಅಂತ ಲೆಕ್ಕ ಹಾಕಿ ನೋಡಿ. 5% ಟ್ರಾಫಿಕ್‌ನಲ್ಲಿ 20% ಫೇಲ್ ಆದರೆ ಒಟ್ಟು ಟ್ರಾಫಿಕ್‌ನಲ್ಲಿ ಅದು ಬರೀ 1%. ನಮ್ಮ ಅಲಾರಂ ಇದ್ದದ್ದು 2%ಗೆ. ಹಳೇ ಪಾಡ್‌ಗಳು (ಪಾಡ್ ಅಂದರೆ ಓಡುತ್ತಿರೋ ಸರ್ವಿಸ್‌ನ ಒಂದೊಂದು ಪ್ರತಿ), ಹೊಸ ಪಾಡ್‌ಗಳು ಎಲ್ಲವನ್ನೂ ಒಟ್ಟಿಗೆ ಕೂಡಿಸಿ ಅಳೆಯುತ್ತಿದ್ದೆವು, ಅದೇ ತಪ್ಪು. ಹಿಂದೆ ಕಲ್ಲಿದ್ದಲು ಗಣಿಗೆ ಕ್ಯಾನರಿ ಹಕ್ಕಿ ಒಯ್ಯುತ್ತಿದ್ದರಲ್ಲ, ವಿಷಗಾಳಿ ಮನುಷ್ಯರಿಗಿಂತ ಮೊದಲು ಹಕ್ಕಿಗೆ ತಟ್ಟುತ್ತೆ ಅಂತ. ಹಕ್ಕಿ ಒಯ್ದು ಅದರ ಕಡೆ ನೋಡದೇ ಇದ್ದ ಹಾಗಾಗಿತ್ತು ನಮ್ಮ ಕಥೆ.

ಈ ಪಾಡ್‌ಗಳನ್ನು ಓಡಿಸೋ ಕುಬರ್ನೆಟೀಸ್‌ನ ಸಾದಾ ಡಿಪ್ಲಾಯ್‌ಮೆಂಟ್ ಇದನ್ನು ನೋಡಿಕೊಳ್ಳಲ್ಲ. ಅದರ ರೋಲಿಂಗ್ ಅಪ್‌ಡೇಟ್ (ಹಳೇ ಪಾಡ್‌ಗಳನ್ನು ಸ್ವಲ್ಪಸ್ವಲ್ಪವಾಗಿ ಬದಲಿಸೋದು) ಕೇಳೋದು ಒಂದೇ ಪ್ರಶ್ನೆ: ಪಾಡ್ ರೆಡಿ ಆಯ್ತಾ? ರೆಡಿನೆಸ್ ಪ್ರೋಬ್ ಪಾಸ್ ಆದರೆ ಮುಂದಕ್ಕೆ ಹೋಗುತ್ತೆ. ಅದಕ್ಕೇ ಹಂತಹಂತವಾಗಿ, ಅಳೆದು ನೋಡಿ ರಿಲೀಸ್ ಮಾಡೋ ಆರ್ಗೋ ರೋಲೌಟ್ಸ್ ಅಥವಾ ಫ್ಲ್ಯಾಗರ್ ಅನ್ನೋ ಟೂಲ್ ಬೇಕು. ಫ್ಲ್ಯಾಗರ್ ನಿಮ್ಮ ಡಿಪ್ಲಾಯ್‌ಮೆಂಟನ್ನು ಹಾಗೇ ಇಟ್ಟುಕೊಂಡು ಕೆಲಸ ಮಾಡುತ್ತೆ. ನನಗೆ ಆರ್ಗೋ ಇಷ್ಟ, ಯಾವ ಹಂತದಲ್ಲಿದ್ದೇವೆ ಅಂತ ಟರ್ಮಿನಲ್‌ನಲ್ಲೇ ಕಾಣುತ್ತೆ. ಇದರಲ್ಲಿ ಡಿಪ್ಲಾಯ್‌ಮೆಂಟ್ ಬದಲು ರೋಲೌಟ್ ಅನ್ನೋ ಆಬ್ಜೆಕ್ಟ್ ಬರೆಯಬೇಕು. ಈಗಾಗಲೇ ಓಡುತ್ತಿರೋ ಡಿಪ್ಲಾಯ್‌ಮೆಂಟ್ ಇದ್ದರೆ ವರ್ಕ್‌ಲೋಡ್‌ರೆಫ್ ಬಳಸಿ ಅದನ್ನೇ ತೋರಿಸಬಹುದು.

ಹಂತಗಳನ್ನು ಬರೆಯೋದು ಸುಲಭ. 5%, ಹತ್ತು ನಿಮಿಷ ತಡೆ, 20%, ಹದಿನೈದು ನಿಮಿಷ ತಡೆ, 50%, ಮತ್ತೆ ತಡೆ, ಆಮೇಲೆ ಪೂರ್ತಿ. ಒಂದು ವಿಷಯ ಮಾತ್ರ ಮರೆಯಬೇಡಿ. ಇಸ್ಟಿಯೋ ತರಹದ ಟ್ರಾಫಿಕ್ ಹಂಚುವ ವ್ಯವಸ್ಥೆ ಇಲ್ಲದಿದ್ದರೆ ಆರ್ಗೋ ಪಾಡ್ ಎಣಿಸಿಯೇ ಪಾಲು ಹಾಕುತ್ತೆ. ನಾಲ್ಕೇ ಪಾಡ್ ಇದ್ದರೆ 5% ಅನ್ನೋದು ಸಿಗಲ್ಲ, ಒಂದು ಹೊಸ ಪಾಡ್ ಬಂದರೂ ಐದರಲ್ಲಿ ಒಂದು ಪಾಲು ಅದಕ್ಕೇ ಹೋಗುತ್ತೆ. ಇಸ್ಟಿಯೋ ಇದ್ದರೆ ಸ್ಟೇಬಲ್‌ಗೊಂದು (ಹಳೇ ವರ್ಷನ್), ಕ್ಯಾನರಿಗೊಂದು (ಹೊಸದು) ಅಂತ ಎರಡು ಸರ್ವಿಸ್ ಮಾಡಿ ಕೊಡಿ, ಪಾಲು ಕರೆಕ್ಟಾಗಿ ಬರುತ್ತೆ.

ಈಗ ಮುಖ್ಯ ಕೆಲಸ, ಅನಾಲಿಸಿಸ್ ಟೆಂಪ್ಲೇಟ್. ನಿಮ್ಮ ಸಮಯ ಜಾಸ್ತಿ ಇಲ್ಲೇ ಹೋಗಲಿ. ಪ್ರತಿ ನಿಮಿಷ, ಅಳತೆಗಳನ್ನು ಕೂಡಿಡೋ ಪ್ರೊಮೀಥಿಯಸ್‌ಗೆ ಒಂದು ಪ್ರಶ್ನೆ ಹೋಗುತ್ತೆ, ಬಂದ ಉತ್ತರ ನೋಡಿ ಆರ್ಗೋ ಮುಂದೆ ಹೋಗಬೇಕಾ, ನಿಲ್ಲಬೇಕಾ, ವಾಪಸ್ ಬರಬೇಕಾ ಅಂತ ತೀರ್ಮಾನ ಮಾಡುತ್ತೆ. ಆ ಪ್ರಶ್ನೆ ಹೊಸ ಪಾಡ್‌ಗಳ ಬಗ್ಗೆ ಮಾತ್ರ ಇರಬೇಕು. ಪ್ರತಿ ವರ್ಷನ್‌ಗೂ ಒಂದು ಪಾಡ್ ಟೆಂಪ್ಲೇಟ್ ಹ್ಯಾಶ್ ಇರುತ್ತೆ, ಅದು ಆ ವರ್ಷನ್‌ನ ಪಾಡ್‌ಗಳ ಮೇಲಿನ ಗುರುತು. ಆರ್ಗೋ ಹೊಸದರ ಹ್ಯಾಶ್, ಹಳೆಯದರ ಹ್ಯಾಶ್ ಎರಡನ್ನೂ ಟೆಂಪ್ಲೇಟ್‌ಗೆ ಕೊಡುತ್ತೆ. ಈ ಲೇಬಲ್ ನಿಮ್ಮ ಮೆಟ್ರಿಕ್‌ಗಳಲ್ಲಿ ಬರುತ್ತಿದೆಯಾ ಅಂತ ಮೊದಲು ನೋಡಿ. ಬರದಿದ್ದರೆ ಪ್ರೊಮೀಥಿಯಸ್‌ನ ಸ್ಕ್ರೇಪ್ ಕಾನ್ಫಿಗ್‌ನಲ್ಲಿ (ಅಳತೆಗಳನ್ನು ಎಲ್ಲಿಂದ, ಹೇಗೆ ತರಬೇಕು ಅನ್ನೋ ಸೆಟ್ಟಿಂಗ್) ಸೇರಿಸಿ, ಅಲ್ಲಿವರೆಗೂ ಮುಂದೆ ಹೋಗಬೇಡಿ.

ಆಮೇಲೆ ಹೊಸದನ್ನು ಹಳೆಯದರ ಜೊತೆ, ಅದೇ ಹೊತ್ತಿನಲ್ಲಿ ಹೋಲಿಸಿ. "ಎರರ್ 2% ದಾಟಬಾರದು" ಅಂತ ಒಂದು ನಂಬರ್ ಬರೆದಿಟ್ಟರೆ, ಬ್ಯಾಂಕ್ ಕಡೆಯಿಂದಲೇ ತೊಂದರೆ ಆದ ದಿನ ಒಳ್ಳೇ ರಿಲೀಸ್ ಕೂಡ ವಾಪಸ್ ಬರುತ್ತೆ. "ಹಳೆಯದಕ್ಕಿಂತ 1% ಜಾಸ್ತಿ ಆಗಬಾರದು" ಅಂತ ಬರೆದರೆ ಆ ಕಾಟ ಇಲ್ಲ. ಎರರ್ ಜೊತೆ ಪಿ99 ಲೇಟೆನ್ಸಿ (ನೂರರಲ್ಲಿ 99 ರಿಕ್ವೆಸ್ಟ್‌ಗೆ ಎಷ್ಟು ಹೊತ್ತಿನೊಳಗೆ ಉತ್ತರ ಸಿಗುತ್ತೆ ಅನ್ನೋದು) ಇರಲಿ, ಪೇಮೆಂಟ್ ಯಶಸ್ವಿಯಾದ ಎಣಿಕೆಯೂ ಇರಲಿ. ಎಷ್ಟೋ ಸರ್ವಿಸ್‌ಗಳು 200 (ಎಲ್ಲಾ ಸರಿ ಅನ್ನೋ ಕೋಡ್) ಅಂತ ಉತ್ತರ ಕೊಟ್ಟು ಒಳಗೆ "ಫೇಲ್" ಅಂತ ಬರೆದಿರುತ್ತವೆ, ಅಲ್ವಾ?

ಟ್ರಾಫಿಕ್ ಕಡಿಮೆ ಇರೋ ಹೊತ್ತಿನ ಬಗ್ಗೆ ಹುಷಾರು. ನಿಮಿಷಕ್ಕೆ 100 ರಿಕ್ವೆಸ್ಟ್ ಬಂದರೆ ಕ್ಯಾನರಿಗೆ ಸಿಗೋದು ಐದು. ಅದರಲ್ಲಿ ಒಂದು ಬಿದ್ದರೂ 20% ಅಂತ ತೋರಿಸುತ್ತೆ. ಎಷ್ಟು ಅಳತೆ ತಪ್ಪಿದರೂ ಸಹಿಸಬಹುದು ಅನ್ನೋ ಫೇಲ್ಯೂರ್ ಲಿಮಿಟ್ ನೀವೇ ಬರೆಯದಿದ್ದರೆ ಅದು ಸೊನ್ನೆ, ಅಂದರೆ ಒಂದೇ ಒಂದು ಅಳತೆ ತಪ್ಪಿದರೂ ರಿಲೀಸ್ ವಾಪಸ್. ನಾನು 2 ಇಡುತ್ತೇನೆ. ಗೆಲುವಿನ ಷರತ್ತು, ಸೋಲಿನ ಷರತ್ತು ಎರಡನ್ನೂ ಬೇರೆಬೇರೆ ಬರೆಯಿರಿ. ಎರಡಕ್ಕೂ ಸೇರದ ಅಳತೆ ಬಂದರೆ ಆರ್ಗೋ ಸುಮ್ನೆ ನಿಂತುಕೊಂಡು ಮನುಷ್ಯರಿಗೆ ಕಾಯುತ್ತೆ. ಒಂದೂ ರಿಕ್ವೆಸ್ಟ್ ಬರದ ನಿಮಿಷಕ್ಕೆ ಇದೇ ಸರಿಯಾದ ನಡವಳಿಕೆ.

ಎರಡು ಕಡೆ ಈ ಏರ್ಪಾಡು ಕೈ ಕೊಡುತ್ತೆ. ಒಂದು, ಡೇಟಾಬೇಸ್. ಎರಡೂ ವರ್ಷನ್ ಒಂದೇ ಟೇಬಲ್ ಓದುತ್ತಿರುತ್ತವೆ, ಕಾಲಂ ಹೆಸರು ಬದಲಿಸಿದರೆ ಹಳೆಯದು ಆಗಲೇ ಬಿತ್ತು. ಮೊದಲು ಹೊಸ ಕಾಲಂ ಸೇರಿಸಿ, ಹಳೆಯದನ್ನು ಇನ್ನೊಂದು ರಿಲೀಸ್‌ನಲ್ಲಿ ತೆಗೆಯಿರಿ. ಇನ್ನೊಂದು, ಕಾಫ್ಕಾ ಥರದ ಕ್ಯೂನಿಂದ ಕೆಲಸ ಎತ್ತಿಕೊಳ್ಳೋ ಪಾಡ್‌ಗಳು. ಇಸ್ಟಿಯೋ ಹಾಕಿದ 5% ಅವಕ್ಕೆ ಗೊತ್ತೇ ಇಲ್ಲ. ಹೊಸ ಪಾಡ್ ಎದ್ದ ಕೂಡಲೇ ತನ್ನ ಪಾಲಿನ ಮೆಸೇಜ್ ತಗೊಳ್ಳೋಕೆ ಶುರು ಮಾಡುತ್ತೆ.

ಇಷ್ಟಾದ ಮೇಲೆ ಬೇಕಂತಲೇ ಕೆಟ್ಟ ವರ್ಷನ್ ಒಂದನ್ನು ಮಾಡಿ. ಐದಕ್ಕೊಂದು ರಿಕ್ವೆಸ್ಟ್‌ಗೆ 500 (ಸರ್ವರ್ ಎರರ್) ಕೊಡೋ ಹಾಗೆ. ಸ್ಟೇಜಿಂಗ್‌ನಲ್ಲಿ, ಅಂದರೆ ಪರೀಕ್ಷೆಗೆ ಇಟ್ಟ ಪ್ರತ್ಯೇಕ ಜಾಗದಲ್ಲಿ, ಲೋಡ್ ಹಾಕಿ ಅದನ್ನು ರಿಲೀಸ್ ಮಾಡಿ, ಆರ್ಗೋದ ಗೆಟ್ ರೋಲೌಟ್ ಕಮಾಂಡನ್ನು ವಾಚ್ ಜೊತೆ ಓಡಿಸಿ ನೋಡುತ್ತಾ ಕೂತುಕೊಳ್ಳಿ. ಒಂದು ಫೇಲ್, ಎರಡು ಫೇಲ್, ಮೂರನೇದಕ್ಕೆ ರೋಲೌಟ್ "ಡಿಗ್ರೇಡೆಡ್" ಅಂತ ತಿರುಗಿ ಕ್ಯಾನರಿಯ ಪಾಲು ಸೊನ್ನೆಗೆ ಬರಬೇಕು. ಬರಲಿಲ್ಲ ಅಂದರೆ ಪ್ರೊಡಕ್ಷನ್ ಕಡೆ ತಲೆ ಹಾಕಬೇಡಿ.

ವಾಪಸ್ ಬಂದ ಮೇಲೂ ಗಿಟ್‌ನಲ್ಲಿ ಕೆಟ್ಟ ಇಮೇಜ್‌ನ ಟ್ಯಾಗೇ ಇರುತ್ತೆ. ಆ ಕಮಿಟ್ ರಿವರ್ಟ್ ಮಾಡೋವರೆಗೂ, ಅಂದರೆ ಆ ಬದಲಾವಣೆ ಹಿಂದಕ್ಕೆ ತೆಗೆಯೋವರೆಗೂ, ಡಿಗ್ರೇಡೆಡ್ ಹಾಗೇ ಉಳಿಯುತ್ತೆ. ಹಾಗಾಗಿ ಟೀಮ್‌ಗೆ ಹೋಗೋ ಮೆಸೇಜ್‌ನಲ್ಲಿ ಯಾವ ಮೆಟ್ರಿಕ್ ಬಿತ್ತು, ಹಳೆಯದರ ನಂಬರ್ ಎಷ್ಟು, ಹೊಸದರದು ಎಷ್ಟು, ಯಾವ ಕಮಿಟ್, ಇಷ್ಟೂ ಇರಲಿ. ಬಸ್ಸಿನಲ್ಲಿ ಕೂತು ಫೋನ್‌ನಲ್ಲಿ ಓದುತ್ತಿರೋರು ಲ್ಯಾಪ್‌ಟಾಪ್ ತೆಗೆಯದೇ ರಿವರ್ಟ್‌ಗೆ ಒಪ್ಪಿಗೆ ಕೊಡುವ ಹಾಗಿರಬೇಕು.