ಮೂಗುಬೊಟ್ಟು ಮಿಂಚಿದರೆ ಮಾತು ಮರೆಯಾಗುತ್ತದೆ

ಭಾರತೀಯ ಸನ್ನೆ ಭಾಷೆಯಲ್ಲಿ ‘ಹೆಂಗಸು’ ಎನ್ನಲು ತೋರುಬೆರಳನ್ನು ಮೂಗಿನ ಪಕ್ಕಕ್ಕೆ, ಮೂಗುಬೊಟ್ಟು ಕೂರುವ ಜಾಗಕ್ಕೆ ಮುಟ್ಟಿಸುತ್ತೇವೆ. ‘ಗಂಡಸು’ ಎನ್ನಲು ಮೀಸೆ ತಿರುವುತ್ತೇವೆ. ಮೂಗುಬೊಟ್ಟು ಭಾಷೆಯೊಳಗೇ ಇರುವಾಗ ಅದರಿಂದ ಕಿವುಡರಿಗಾಗಿ ಮಾತನ್ನು ಸನ್ನೆಗೆ ತಿರುಗಿಸುವ ನನ್ನ ದುಭಾಷಿ ಕೆಲಸಕ್ಕೆ ಅಡ್ಡಿಯಾದೀತೆಂದು ನಾನು ಎಣಿಸಿರಲಿಲ್ಲ.

ಬೆಂಗಳೂರಿನ ಒಂದು ಸಭೆಯಲ್ಲಿ ವೇದಿಕೆಯ ಮೇಲಿದ್ದೆ. ಅಜ್ಜಿ ಕೊಟ್ಟ ಏಳು ಕಲ್ಲಿನ ಮೂಗುಬೊಟ್ಟು ಹಾಕಿಕೊಂಡಿದ್ದೆ. ಚಹಾ ವಿರಾಮದಲ್ಲಿ ಮುಂದಿನ ಸಾಲಿನ ಹಿರಿಯ ಕಿವುಡರೊಬ್ಬರು ಬಂದು ತಮ್ಮ ಮೂಗು ತೋರಿಸಿ, ಬೆರಳುಗಳನ್ನು ಅರಳಿಸಿ ಮುಚ್ಚಿ, ಕಣ್ಣುಜ್ಜಿಕೊಂಡರು. ಬೆಳಗಿನಿಂದ ನನ್ನ ಮೂಗು ಮಿಂಚಿ ಮಿಂಚಿ ಅವರ ಕಣ್ಣು ಸೋತಿತ್ತು. ಅವರಿಗೆ ಸಿಟ್ಟಿರಲಿಲ್ಲ. ಅದಕ್ಕೇ ನನಗೆ ಹೆಚ್ಚು ನೋವಾಯಿತು.

ಸನ್ನೆ ನೋಡುವವರ ದೃಷ್ಟಿ ನೆಟ್ಟಿರುವುದು ಕೈಗಳ ಮೇಲಲ್ಲ, ಮುಖದ ಮೇಲೆ. ಕೈಗಳ ಚಲನೆಯನ್ನು ಅವರು ಓರೆನೋಟದಲ್ಲೇ ಹಿಡಿಯುತ್ತಾರೆ. ವ್ಯಾಕರಣವೂ ಮುಖದಲ್ಲೇ ಇದೆ: ಹೌದೋ ಅಲ್ಲವೋ ಎಂದು ಕೇಳುವಾಗ ಕಣ್ಣರಳಿಸಿ ತಲೆಯನ್ನು ಮುಂದಕ್ಕೆ ತರುತ್ತೇವೆ, ‘ಏನು’, ‘ಏಕೆ’ ಎಂದು ಕೇಳುವಾಗ ಹುಬ್ಬೇರಿಸಿ ಗದ್ದ ಎತ್ತುತ್ತೇವೆ. ತಲೆ ಅಲುಗಿದಾಗಲೆಲ್ಲ ಕಲ್ಲೂ ಮಿಂಚುತ್ತದೆ.

ಅಂದು ರಾತ್ರಿ ಟ್ಯೂಬ್‌ಲೈಟಿನಲ್ಲಿ, ಮರುದಿನ ಕಿಟಕಿಯ ಬೆಳಕಿನಲ್ಲಿ, ಆಮೇಲೆ ಮೇಜುದೀಪದ ಮುಂದೆ ನಿಂತು ಮೊಬೈಲಿನಲ್ಲಿ ಚಿತ್ರೀಕರಿಸಿ ನೋಡಿದೆ. ಮೇಜುದೀಪದಲ್ಲಿ ಕಲ್ಲು ಕಣ್ಣು ಕುಕ್ಕುತ್ತಿತ್ತು. ವಿಡಿಯೊ ಕರೆಯಲ್ಲಂತೂ ದುಭಾಷಿಗೆ ಸಿಗುವುದು ಬೆಂಕಿಪೊಟ್ಟಣದಷ್ಟು ಜಾಗ. ಅಲ್ಲಿ ಇಂಥ ಒಂದು ಹೊಳಪು ಅರ್ಧ ಮುಖವನ್ನೇ ನುಂಗುತ್ತದೆ. ಬರಿ ಮೂಗಿನಲ್ಲಿ ಹೊರಡುವುದು ಬೇಡವೆಂದು ಅಮ್ಮ ಪಟ್ಟು ಹಿಡಿದರು. ನನಗೂ ಅದು ಇಷ್ಟವಿರಲಿಲ್ಲ. ಅಕ್ಕಸಾಲಿಗರ ಬಳಿ ಕಲ್ಲಿಲ್ಲದ ಪುಟ್ಟ ಚಿನ್ನದ ಗುಂಡು ಮಾಡಿಸಿ, ಅದರ ಮೆರುಗನ್ನೂ ತೆಗೆಸಿದೆ. ಕೆಲಸಕ್ಕೆ ಈಗ ಅದೇ.

ಉಂಗುರ, ಬಳೆಗಳನ್ನು ಪೂರ್ತಿ ಬಿಟ್ಟೆ. ಹೆಸರು, ಪದಗಳನ್ನು ಬೆರಳುಗಳಿಂದ ಅಕ್ಷರ ಬಿಡಿಸಿ ತೋರಿಸುವ ನಮ್ಮ ಬೆರಳಕ್ಷರದಲ್ಲಿ ಇಂಗ್ಲಿಷಿನ ಐದು ಸ್ವರಗಳು ಒಂದು ಕೈಯ ಐದು ಬೆರಳ ತುದಿಗಳಲ್ಲಿವೆ. ‘ಓ’ ಇರುವುದು ಉಂಗುರ ಬೆರಳಿನಲ್ಲಿ. ಕಿವಿ, ಕಣ್ಣು ಎರಡೂ ಇಲ್ಲದವರು ನಮ್ಮ ಕೈಗಳ ಮೇಲೆ ಕೈಯಿಟ್ಟೇ ಮಾತು ತಿಳಿಯುತ್ತಾರೆ. ಒಮ್ಮೆ ನನ್ನ ಉಂಗುರ ಅಂಥ ಒಬ್ಬ ತಾಯಿಯ ಅಂಗೈ ತರಚಿತ್ತು. ಉಡುಪು ಸಾದಾ, ಮೈಬಣ್ಣಕ್ಕೆ ಎದ್ದು ಕಾಣುವ ಒಂದೇ ಬಣ್ಣದ್ದು, ಅಷ್ಟು ಸಾಕು.

ಒಂದು ಕಂಪನಿಯ ಆಯೋಜಕರು ಆ ಪುಟ್ಟ ಗುಂಡನ್ನೂ ತೆಗೆಯಬೇಕೆಂದರು, ಶಿಸ್ತಾಗಿ ಕಾಣುವುದಿಲ್ಲವಂತೆ. ನಾನು ಅಲ್ಲಿದ್ದ ಕಿವುಡ ನೌಕರರನ್ನೇ ಕೇಳಿದೆ. ಅವರಿಗೆ ಅದು ಕಂಡೇ ಇರಲಿಲ್ಲ. ತೆಗೆಯಲಿಲ್ಲ. ಆಯೋಜಕರ ಅಭಿರುಚಿಗಾಗಿ ನಾನು ಮೂಗು ಬರಿದು ಮಾಡಿಕೊಳ್ಳುವುದಿಲ್ಲ. ನೋಡುವವರಿಗೆ ತೊಂದರೆಯಾದರೆ ಆ ಕ್ಷಣವೇ ತೆಗೆಯುತ್ತೇನೆ.

ಸನ್ನೆ ಭಾಷೆಯ ದುಭಾಷಿ ಕೆಲಸದಲ್ಲಿ ಎರಡು ವರ್ಷದ ಡಿಪ್ಲೊಮಾ ಮುಗಿಸಿ ನನ್ನೊಡನೆ ಕೆಲಸಕ್ಕೆ ಬಂದ ಹುಡುಗಿ ಹುಬ್ಬು ಚುಚ್ಚಿಸಿಕೊಂಡು ಪುಟ್ಟ ರಿಂಗ್ ಹಾಕಿಸಿಕೊಂಡಿದ್ದಳು. “ಅಕ್ಕಾ, ಇದನ್ನೂ ತೆಗೆಯಬೇಕೇ?” ಎಂದಳು. ನಾನು ಏನನ್ನೂ ಹೇಳದೆ ಮೂವರು ಕಿವುಡ ಗೆಳತಿಯರ ಮುಂದೆ ಅವಳಿಂದ ಅನುವಾದ ಮಾಡಿಸಿದೆ. ರಿಂಗ್ ಯಾರಿಗೂ ತೊಡಕೆನಿಸಲಿಲ್ಲ. ಆದರೆ ಒಬ್ಬಳು ಕೇಳಿದಳು: “ನೀನು ನಮ್ಮನ್ನು ನಂಬುವುದಿಲ್ಲವೇ?” ಚುಚ್ಚಿಸಿದ ಗಾಯ ಇನ್ನೂ ಹಸಿಯಾಗಿತ್ತು. ನೋವಿಗೆ ಹೆದರಿ ಹುಡುಗಿ ಒಂದೇ ಹುಬ್ಬು ಏರಿಸುತ್ತಿದ್ದಳು. ಅವಳ ಪ್ರತಿಯೊಂದು ‘ಏಕೆ’ ಅನುಮಾನದಂತೆ ಕಾಣುತ್ತಿತ್ತು.

ಹಸಿ ಗಾಯದಿಂದ ರಿಂಗ್ ತೆಗೆದರೆ ತೂತು ಮುಚ್ಚಿಕೊಳ್ಳುತ್ತದೆ. ಹಾಗಾಗಿ ಗಾಯ ಮಾಯುವವರೆಗೆ ಅವಳಿಗೆ ಆಸ್ಪತ್ರೆ, ವೇದಿಕೆಯ ಕೆಲಸ ಕೊಡಲಿಲ್ಲ. ಈಗ ಕೆಲಸದ ದಿನ ಹುಬ್ಬಿನಲ್ಲಿ ಪಾರದರ್ಶಕ ಪ್ಲಾಸ್ಟಿಕ್ ಕಡ್ಡಿ ಇಟ್ಟುಕೊಂಡು ಬರುತ್ತಾಳೆ. ಸಂಜೆ ಬಸ್ ನಿಲ್ದಾಣದಲ್ಲಿ ಅದನ್ನು ತೆಗೆದು ರಿಂಗ್ ಹಾಕಿಕೊಳ್ಳುವಾಗ ಕನ್ನಡಿ ಹಿಡಿಯುವವಳು ನಾನು.