ಥ್ರೆಡ್ ಹೋದ ಮಾತ್ರಕ್ಕೆ ಎಂಜಿನ್ ಹೋಗಲಿಲ್ಲ

ಬೋಲ್ಟ್ ಬಿಗಿಯಾಗುತ್ತಾ ಬಂದು, ಇನ್ನೇನು ಕೂರಬೇಕು ಎನ್ನುವಾಗ ಸ್ಪ್ಯಾನರ್ ಹಗುರವಾಗಿ ತಿರುಗತೊಡಗಿದರೆ ಒಳಗಿನ ಥ್ರೆಡ್ (ಬೋಲ್ಟ್ ಕಚ್ಚಿಕೊಳ್ಳುವ ತಿರುಪಿನ ಸುತ್ತುಗಳು) ಕಿತ್ತುಹೋಗಿದೆ ಎಂದೇ ತಿಳಿಯಬೇಕು. ಆ ಕ್ಷಣಕ್ಕೇ ಕೈ ನಿಲ್ಲಿಸಿ. ಇನ್ನರ್ಧ ಸುತ್ತು ತಿರುಗಿಸಿ ನೋಡೋಣ ಎಂದು ಮುಂದುವರಿದರೆ ಉಳಿದಿದ್ದ ಸುತ್ತುಗಳೂ ಹೋಗುತ್ತವೆ. ಹಳೆಯ ಟ್ರಕ್ ಎಂಜಿನ್‌ಗಳಲ್ಲಿ ಇದು ತೀರಾ ಸಾಮಾನ್ಯ. ವಾಟರ್ ಪಂಪ್, ಥರ್ಮೋಸ್ಟಾಟ್ ಹೌಸಿಂಗ್, ಎಕ್ಸಾಸ್ಟ್ ಮ್ಯಾನಿಫೋಲ್ಡ್, ಸಂಪ್‌ನ ಡ್ರೈನ್ ಪ್ಲಗ್, ಸ್ಪಾರ್ಕ್ ಪ್ಲಗ್ ಹೀಗೆ ಎಲ್ಲೆಲ್ಲಿ ವರ್ಷಗಟ್ಟಲೆ ಬಿಚ್ಚಿ ಕೂರಿಸುತ್ತಾ ಬಂದಿರುತ್ತಾರೋ ಅಲ್ಲೆಲ್ಲ ಥ್ರೆಡ್ ಸೋಲುತ್ತದೆ.

ಇಷ್ಟಕ್ಕೇ ಹೆಡ್ಡನ್ನೋ ಬ್ಲಾಕನ್ನೋ ಬದಲಿಸಬೇಕಾಗಿಲ್ಲ. ಹಾಳಾದ ಥ್ರೆಡ್ಡನ್ನು ಕೊರೆದು ತೆಗೆದು, ಅಲ್ಲಿ ಉಕ್ಕಿನ ಇನ್ಸರ್ಟ್ (ಒಳಗೆ ಹೊಸ ಥ್ರೆಡ್ ಇರುವ ಕೊಳವೆ ಅಥವಾ ಸುರುಳಿ) ಕೂರಿಸಿದರೆ ಹಳೆಯ ಬೋಲ್ಟಿನ ಅಳತೆಯೇ ಉಳಿಯುತ್ತದೆ. ಅಲ್ಯೂಮಿನಿಯಂ ಭಾಗದಲ್ಲಿ ಸರಿಯಾಗಿ ಕೂತ ಇನ್ಸರ್ಟ್ ಮೊದಲಿದ್ದ ಥ್ರೆಡ್‌ಗಿಂತಲೂ ಗಟ್ಟಿ. ಇನ್ಸರ್ಟ್‌ನ ಹೊರ ಸುತ್ತಳತೆ ದೊಡ್ಡದಾದ್ದರಿಂದ ಮೆದು ಲೋಹದ ಹೆಚ್ಚು ಭಾಗ ಭಾರ ಹೊರುತ್ತದೆ, ಬೋಲ್ಟ್ ಉಜ್ಜುವುದು ಉಕ್ಕಿನ ಮೇಲೆ. ಮೂಲ ಕಾರ್ಖಾನೆಯಿಂದಲೇ ಇಂಥ ಇನ್ಸರ್ಟ್ ಹಾಕಿಕೊಂಡು ಬರುವ ಅಲ್ಯೂಮಿನಿಯಂ ಭಾಗಗಳೂ ಇವೆ. ಆದ್ದರಿಂದ ಇದನ್ನು ತೇಪೆ ಎಂದು ಕಡೆಗಣಿಸುವವರ ಮಾತನ್ನು ನಾನು ಒಪ್ಪುವುದಿಲ್ಲ. ತೇಪೆ ಎನ್ನಬೇಕಾದ್ದು ಬೋಲ್ಟಿಗೆ ಟೇಪ್ ಸುತ್ತಿ ತುರುಕುವುದನ್ನು, ತೂತಿಗೆ ಅಂಟು ತುಂಬುವುದನ್ನು, ಸಿಕ್ಕಿದ ದಪ್ಪ ಬೋಲ್ಟನ್ನು ಬಲವಂತವಾಗಿ ತಿರುಗಿಸಿ ಕೂರಿಸುವುದನ್ನು.

ಮೊದಲು ಕಾರಣ ಹುಡುಕಿ

ಬಿಗಿದ ಬೋಲ್ಟಿನ ಭಾರ ಎಲ್ಲ ಸುತ್ತುಗಳಿಗೂ ಸಮನಾಗಿ ಹಂಚಿಹೋಗುವುದಿಲ್ಲ. ಹಿಡಿತಕ್ಕೆ ಸಿಕ್ಕ ಮೊದಲ ಸುತ್ತೇ ಸುಮಾರು ಮೂರನೇ ಒಂದು ಭಾಗ ಹೊರುತ್ತದೆ. ಮೊದಲ ಮೂರು ಸುತ್ತು ಸೇರಿ ಮುಕ್ಕಾಲು ಪಾಲಿನಷ್ಟು ಹೊರುತ್ತವೆ. ಮೊದಲನೆಯದು ಸೋತರೆ ಅದರ ಭಾರ ಮುಂದಿನದಕ್ಕೆ ಬೀಳುತ್ತದೆ. ಹೀಗೆ ಒಂದರ ಹಿಂದೆ ಒಂದು ಕಿತ್ತುಬರುತ್ತವೆ. ಇದಕ್ಕೆ ಬಿಸಿಯೂ ಸೇರುತ್ತದೆ. ಅಲ್ಯೂಮಿನಿಯಂ ಬಿಸಿಗೆ ಹಿಗ್ಗುವುದು ಉಕ್ಕಿನ ಸುಮಾರು ಎರಡರಷ್ಟು. ಬಿಸಿ ಎಂಜಿನ್‌ನಿಂದ ಸ್ಪಾರ್ಕ್ ಪ್ಲಗ್ ಬಿಚ್ಚಬಾರದು ಎನ್ನುವುದೂ ಬಿಸಿಯ ಕಾರಣಕ್ಕೇ. ಬಿಸಿಗೆ ಮೆದುವಾದ ಥ್ರೆಡ್ ಪ್ಲಗ್ ಜೊತೆಗೇ ಬಂದುಬಿಡಬಹುದು.

ಹಳೆಯ ಟ್ರಕ್‌ಗಳಲ್ಲಿ ಇನ್ನೊಂದು ಕಾರಣವನ್ನು ತಪ್ಪದೆ ನೋಡಬೇಕು: ಇಂಚು ಅಳತೆಯ ಬೋಲ್ಟೂ ಮಿಲಿಮೀಟರ್ ಅಳತೆಯ ಬೋಲ್ಟೂ ಬೆರೆತುಹೋಗಿರುವುದು. 3/8 ಇಂಚಿನ ಬೋಲ್ಟಿನ ವ್ಯಾಸ 9.525 ಮಿಮೀ. ಅದು ಎಂ10 (10 ಮಿಮೀ ಬೋಲ್ಟಿನ) ತೂತಿಗೆ ಸಡಿಲವಾಗಿ ಇಳಿಯುತ್ತದೆ, ಥ್ರೆಡ್‌ನ ತುದಿಗಳನ್ನು ಮಾತ್ರ ಹಿಡಿಯುತ್ತದೆ, ಬಿಗಿದಾಗ ಅವನ್ನೇ ಕಿತ್ತುಕೊಂಡು ಬರುತ್ತದೆ. 5/16 ಇಂಚಿನದು ನೋಟಕ್ಕೆ ಎಂ8 ಇದ್ದಂತೆಯೇ ಇದೆ. ಆದರೆ ಒರಟು ಥ್ರೆಡ್‌ನ 5/16ರಲ್ಲಿ ಇಂಚಿಗೆ 18 ಸುತ್ತು, ಎಂದರೆ ಪಿಚ್ (ಒಂದು ಸುತ್ತಿನಿಂದ ಮುಂದಿನದಕ್ಕಿರುವ ಅಂತರ) 1.41 ಮಿಮೀ, ಎಂ8ರದು 1.25 ಮಿಮೀ. ಕೆಲವು ಸುತ್ತಿಗೇ ಕಚ್ಚಿಕೊಳ್ಳುತ್ತದೆ, ಆಮೇಲೆ ತಿರುಗಿಸಿದಷ್ಟೂ ತಿನ್ನುತ್ತದೆ. ಇನ್ನೂ ಹಳೆಯ ಬ್ರಿಟಿಷ್ ಎಂಜಿನ್ ಆದರೆ ವಿಟ್‌ವರ್ತ್ ಥ್ರೆಡ್ ಇರಬಹುದು. ಅದರ ಕೋನ 55 ಡಿಗ್ರಿ, ಉಳಿದವುಗಳದು 60. ಪಕ್ಕದ ಹಾಳಾಗದ ತೂತಿನ ಬೋಲ್ಟನ್ನು ಬಿಚ್ಚಿ, ವರ್ನಿಯರ್‌ನಿಂದ ವ್ಯಾಸವನ್ನೂ ಪಿಚ್ ಗೇಜ್‌ನಿಂದ ಪಿಚ್ಚನ್ನೂ ಅಳೆದು ಬರೆದಿಟ್ಟುಕೊಂಡ ಮೇಲೆಯೇ ಇನ್ಸರ್ಟ್ ಕಿಟ್ ತರಲು ಹೊರಡಿ. ಕಣ್ಣಂದಾಜು ಇಲ್ಲಿ ನಡೆಯದು.

ಕೊರೆಯಲೇಬೇಕೇ?

ಬ್ಯಾಟರಿಯ ನೆಗೆಟಿವ್ ತಂತಿ ಬಿಚ್ಚಿಟ್ಟು, ಎಂಜಿನ್ ಪೂರ್ತಿ ತಣ್ಣಗಾದ ಮೇಲೆ ತೂತಿನೊಳಗೆ ಟಾರ್ಚ್ ಬಿಟ್ಟು ನೋಡಿ. ಮೇಲಿನ ಒಂದೆರಡು ಸುತ್ತು ಮಾತ್ರ ಚಪ್ಪಟೆಯಾಗಿ, ಕೆಳಗಿನವು ಚೂಪಾಗಿ ಉಳಿದಿದ್ದರೆ ಥ್ರೆಡ್ ಚೇಸರ್ ಹಾಯಿಸಿದರೆ ಸಾಕು. ಚೇಸರ್ ಲೋಹವನ್ನು ಕತ್ತರಿಸುವುದಿಲ್ಲ, ಬಾಗಿದ ಥ್ರೆಡ್ಡನ್ನು ಮತ್ತೆ ದಾರಿಗೆ ತರುತ್ತದೆ. ಥ್ರೆಡ್ ಕೊರೆಯುವ ಉಪಕರಣವಾದ ಸಾಮಾನ್ಯ ಟ್ಯಾಪ್ ಹಾಯಿಸಿದರೆ ಇರುವ ಲೋಹವನ್ನೂ ಸ್ವಲ್ಪ ಕೆರೆದು ತೆಗೆದುಬಿಡುತ್ತದೆ.

ಇನ್ನು ಕೆಲವು ತೂತುಗಳಲ್ಲಿ ಮೂಲ ಬೋಲ್ಟ್ ತಲುಪದ ಆಳದಲ್ಲಿ ಒಳ್ಳೆಯ ಥ್ರೆಡ್ ಉಳಿದಿರುತ್ತದೆ. ಉದ್ದದ ಬೋಲ್ಟ್ ಅಥವಾ ಸ್ಟಡ್ (ತಲೆಯಿಲ್ಲದ ಬೋಲ್ಟ್) ಹಾಕಿದರೆ ಕೆಲಸ ಮುಗಿಯಿತು. ಆದರೆ ಆಳವನ್ನು ತಂತಿಯಿಂದ ಅಳೆಯಿರಿ. ಬೋಲ್ಟ್ ತಳಕ್ಕೆ ಮುಟ್ಟಿದರೆ ಕೈಗೆ ಬಿಗಿಯೇನೋ ಸಿಗುತ್ತದೆ, ಭಾಗ ಮಾತ್ರ ಸಡಿಲವಾಗಿಯೇ ಇರುತ್ತದೆ. ತಳದಲ್ಲಿ ಎಣ್ಣೆಯೋ ನೀರೋ ನಿಂತಿದ್ದರೆ ಇನ್ನೂ ಅಪಾಯ: ದ್ರವ ಕುಗ್ಗುವುದಿಲ್ಲವಾದ್ದರಿಂದ ಇಳಿಯುವ ಬೋಲ್ಟಿನ ಒತ್ತಡಕ್ಕೆ ಎರಕವೇ ಬಿರುಕು ಬಿಡಬಹುದು.

ಎರಡೂ ಆಗದಿದ್ದರೆ ಇನ್ಸರ್ಟ್. ಇದರಲ್ಲಿ ಮುಖ್ಯವಾಗಿ ಎರಡು ಬಗೆ. ಹೆಲಿಕಾಯಿಲ್ ಎಂದೇ ಎಲ್ಲರೂ ಕರೆಯುವುದು ಸ್ಟೇನ್‌ಲೆಸ್ ಸ್ಟೀಲ್ ತಂತಿಯ ಸುರುಳಿ. ಸುರುಳಿಯ ವ್ಯಾಸ ತೂತಿಗಿಂತ ತುಸು ದೊಡ್ಡದಿರುವುದರಿಂದ ಒಳಗೆ ಹೋದ ಮೇಲೆ ಸ್ಪ್ರಿಂಗ್‌ನಂತೆ ಹೊರಕ್ಕೆ ಒತ್ತಿ ತಾನೇ ಹಿಡಿದುಕೊಳ್ಳುತ್ತದೆ. ಇನ್ನೊಂದು, ಒಳಗೂ ಹೊರಗೂ ಥ್ರೆಡ್ ಇರುವ ಗಟ್ಟಿ ಬುಷ್. ಕವರ್, ಬ್ರಾಕೆಟ್, ಪಂಪ್‌ಗಳ ಬೋಲ್ಟಿಗೆ ಹೆಲಿಕಾಯಿಲ್ ಧಾರಾಳವಾಗಿ ಸಾಕು. ಸ್ಪಾರ್ಕ್ ಪ್ಲಗ್‌ಗೆ, ಮತ್ತೆ ಮತ್ತೆ ಬಿಚ್ಚುವ ಜಾಗಕ್ಕೆ ನಾನು ಗಟ್ಟಿ ಬುಷ್ಷನ್ನೇ ಆರಿಸುತ್ತೇನೆ, ಏಕೆಂದರೆ ಪ್ಲಗ್ ಬಿಚ್ಚುವಾಗ ಸುರುಳಿ ಅದರ ಜೊತೆಗೆ ಹೊರಬರುವ ಭಯ ಅಲ್ಲಿಲ್ಲ. ಆದರೆ ಬುಷ್‌ಗೆ ತೂತನ್ನು ಹೆಚ್ಚು ಅಗಲಿಸಬೇಕು. ಸುತ್ತಲಿನ ಗೋಡೆ ತೆಳುವಾಗಿದ್ದರೆ ಹೆಲಿಕಾಯಿಲ್ಲೇ ಸರಿ.

ಕ್ರ್ಯಾಂಕ್‌ಶಾಫ್ಟ್ ಹಿಡಿದಿಡುವ ಮೇನ್ ಬೇರಿಂಗ್ ಕ್ಯಾಪ್‌ನ ಬೋಲ್ಟ್ ತೂತನ್ನು ಮಾತ್ರ ಮನೆಯಲ್ಲಿ ಮುಟ್ಟಬೇಡಿ. ಹೆಡ್ ಬೋಲ್ಟ್ ತೂತೂ ಹಾಗೆಯೇ: ಅದನ್ನು ಇನ್ಸರ್ಟ್‌ನಿಂದ ದುರಸ್ತಿ ಮಾಡುತ್ತಾರೆ ನಿಜ, ಆದರೆ ಅದಕ್ಕೆ ಬ್ಲಾಕಿನ ಮೇಲೆ ಬಿಗಿದು ಕೂರಿಸುವ ಡ್ರಿಲ್ ಫಿಕ್ಸ್ಚರ್ ಬೇಕು. ಅದಿಲ್ಲದಿದ್ದರೆ ಮೆಷಿನ್ ಶಾಪ್‌ಗೆ ಒಯ್ಯುವುದೇ ಸರಿ.

ನೇರವಾಗಿ ಕೊರೆಯುವುದು

ಇಡೀ ಕೆಲಸದಲ್ಲಿ ನಿಮ್ಮ ತಾಳ್ಮೆಯ ಬಹುಪಾಲನ್ನು ಇಲ್ಲಿಗೆ ಮೀಸಲಿಡಿ. ಡ್ರಿಲ್ 2 ಡಿಗ್ರಿ ವಾಲಿದರೂ 20 ಮಿಮೀ ಆಳಕ್ಕೆ ಹೋಗುವಷ್ಟರಲ್ಲಿ ತೂತು 0.7 ಮಿಮೀ ಪಕ್ಕಕ್ಕೆ ಸರಿದಿರುತ್ತದೆ. ಆಮೇಲೆ ಬೋಲ್ಟಿನ ತಲೆ ಒಂದೇ ಅಂಚಿನ ಮೇಲೆ ಕೂರುತ್ತದೆ, ಗ್ಯಾಸ್ಕೆಟ್ ಸೋರುತ್ತದೆ, ಬೋಲ್ಟ್ ಬಾಗಿ ಒಂದು ದಿನ ಮುರಿಯುತ್ತದೆ.

ಕೈಯಲ್ಲಿ ಡ್ರಿಲ್ ಹಿಡಿದು ಕೊರೆಯುವುದಾದರೆ ಗೈಡ್ ಬೇಕೇಬೇಕು. ಒಂದಂಗುಲದಷ್ಟು ದಪ್ಪದ ಉಕ್ಕಿನ ತುಂಡಿನಲ್ಲಿ ಬೆಂಚ್ ಡ್ರಿಲ್‌ನಿಂದ ಬಿಟ್‌ನ ಅಳತೆಗೆ ಸರಿಯಾಗಿ ತೂತು ಮಾಡಿಸಿಕೊಳ್ಳಿ. ಅದನ್ನು ಎಂಜಿನ್‌ನ ಸಮತಟ್ಟಾದ ಗ್ಯಾಸ್ಕೆಟ್ ಮೇಲ್ಮೈಗೆ ಪಕ್ಕದ ಬೋಲ್ಟ್ ತೂತುಗಳನ್ನೇ ಬಳಸಿ ಬಿಗಿದರೆ ಬಿಟ್ ವಾಲಲು ಜಾಗವೇ ಇರುವುದಿಲ್ಲ. ಗೈಡ್‌ನ ನಡು ಕೂರಿಸಲು ಹಳೆಯ ತೂತಿಗೆ ಸರಿಹೊಂದುವ ಸಣ್ಣ ಬಿಟ್ಟನ್ನು ತಲೆಕೆಳಗಾಗಿ ಇಳಿಸಿ, ಸುತ್ತ ಅಂತರ ಸಮವಾಗಿದೆಯೇ ನೋಡಿ. ಗೈಡ್ ಕೂರದ ಇಕ್ಕಟ್ಟಿನಲ್ಲಿ ಎರಡು ಮೂಲೆಮಟ್ಟಗಳನ್ನು ಒಂದಕ್ಕೊಂದು ಅಡ್ಡವಾಗಿ ನಿಲ್ಲಿಸಿ, ಮತ್ತೊಬ್ಬರು ಪಕ್ಕದಿಂದ ನೋಡುತ್ತಾ ಹೇಳುವಂತೆ ಮಾಡಿ. ರೇಡಿಯೇಟರ್ ತೆಗೆದರೆ ಜಾಗ ಸಿಗುತ್ತದೆ ಎಂದಾದರೆ ತೆಗೆಯಿರಿ. ಅದಕ್ಕೆ ಹೋಗುವ ಸಮಯ ವ್ಯರ್ಥವಲ್ಲ.

ಬಿಟ್‌ನ ಅಳತೆ ಕಿಟ್‌ನಲ್ಲಿ ಹೇಳಿರುವುದೇ ಆಗಬೇಕು. ಹೆಲಿಕಾಯಿಲ್‌ಗೆ ಎಂ8 ಆದರೆ ಸುಮಾರು 8.3 ಮಿಮೀ, ಎಂ10 ಆದರೆ ಸುಮಾರು 10.4 ಮಿಮೀ. ಕೊರೆಯಬೇಕಾದ ಆಳಕ್ಕೆ ಬಿಟ್ ಮೇಲೆ ಟೇಪ್ ಸುತ್ತಿ ಗುರುತು ಮಾಡಿ. ಮೂಲ ತೂತಿನ ತಳವನ್ನು ದಾಟಬಾರದು, ಅದರಾಚೆಗೆ ಎಂಜಿನ್ ತಣಿಸುವ ನೀರಿನ ಜಾಕೆಟ್ಟೋ ಎಣ್ಣೆ ಹರಿಯುವ ಆಯಿಲ್ ಗ್ಯಾಲರಿಯೋ ಇರಬಹುದು. ಮೊದಲಿನಿಂದಲೇ ನೀರಿನ ಜಾಕೆಟ್‌ಗೆ ತೆರೆದುಕೊಂಡಿರುವ ತೂತೂ ಉಂಟು. ಅಂಥಲ್ಲಿ ಕೂಲಂಟನ್ನು ಮೊದಲೇ ಬಸಿದು, ಕೊನೆಯಲ್ಲಿ ಬೋಲ್ಟಿಗೆ ಥ್ರೆಡ್ ಸೀಲಂಟ್ ಹಚ್ಚಬೇಕಾಗುತ್ತದೆ. ಕನ್ನಡಕ ಹಾಕಿಕೊಂಡು, ಡ್ರಿಲ್ಲನ್ನು ನಿಧಾನ ವೇಗದಲ್ಲಿ ನಡೆಸಿ. ಕೊರೆದಾದ ಮೇಲೆ ಬಾಯಂಚನ್ನು ಕೌಂಟರ್‌ಸಿಂಕ್ ಬಿಟ್‌ನಿಂದ ತುಸುವೇ ಸವರಿ.

ಟ್ಯಾಪ್ ಹಾಯಿಸುವುದು

ಕಿಟ್‌ನೊಂದಿಗೆ ಬರುವ ಟ್ಯಾಪ್ ಸಾಮಾನ್ಯ ಟ್ಯಾಪ್ ಅಲ್ಲ. ಪಿಚ್ ಬೋಲ್ಟಿನದೇ, ವ್ಯಾಸ ಮಾತ್ರ ಹೆಚ್ಚು. ಕೊರೆಯಲು ಬಳಸಿದ ಗೈಡಿನ ತೂತನ್ನೇ ತುಸು ದೊಡ್ಡದು ಮಾಡಿಸಿ ಮತ್ತೆ ಬಿಗಿದರೆ ಟ್ಯಾಪ್ ಕೂಡ ನೇರ ಇಳಿಯುತ್ತದೆ. ಅಲ್ಯೂಮಿನಿಯಂಗೆ ಸೀಮೆಎಣ್ಣೆಯಂಥ ತೆಳು ಎಣ್ಣೆ ಬಿಡಿ. ಎರಕದ ಕಬ್ಬಿಣಕ್ಕೆ ಏನೂ ಬೇಡ, ಅದರಲ್ಲಿರುವ ಗ್ರಾಫೈಟೇ ಜಾರುವಂತೆ ಮಾಡುತ್ತದೆ. ಅರ್ಧ ಸುತ್ತು ಮುಂದೆ, ಕಾಲು ಸುತ್ತು ಹಿಂದೆ. ಹಿಂದೆ ತಿರುಗಿಸಿದಾಗ ಒಳಗಿನ ಸಿಪ್ಪೆ ತುಂಡಾಗುತ್ತದೆ. ಬಿಗಿ ಏರಿದಂತೆ ಅನ್ನಿಸಿದರೆ ಪೂರ್ತಿ ಹೊರತೆಗೆದು ಒರೆಸಿ ಮತ್ತೆ ಇಳಿಸಿ. ಟ್ಯಾಪ್ ಒಳಗೆ ಮುರಿದರೆ ಅದನ್ನು ಸಾಮಾನ್ಯ ಡ್ರಿಲ್ ಬಿಟ್ ಕೊರೆಯಲಾರದು, ಅಷ್ಟು ಗಡಸು ಉಕ್ಕು ಅದು.

ಸ್ಪಾರ್ಕ್ ಪ್ಲಗ್ ತೂತಾದರೆ ಕೆಳಗೆ ಸಿಲಿಂಡರ್ ತೆರೆದುಕೊಂಡಿರುತ್ತದೆ ಎಂಬುದನ್ನು ಮರೆಯಬೇಡಿ. ಹೆಡ್ ಬಿಚ್ಚಿ ಬೆಂಚಿನ ಮೇಲಿಟ್ಟು ಮಾಡುವುದೇ ಉತ್ತಮ. ಬಿಚ್ಚಲಾಗದಿದ್ದರೆ ಪಿಸ್ಟನ್ನನ್ನು ಕೆಳಗಿಳಿಸಿಕೊಂಡು, ಟ್ಯಾಪ್‌ನ ಕೊರಕಲುಗಳಿಗೆ ಗ್ರೀಸ್ ತುಂಬಿ, ಎರಡು ಸುತ್ತಿಗೊಮ್ಮೆ ಹೊರತೆಗೆದು ಒರೆಸಿ. ಮುಗಿದ ಮೇಲೆ ವ್ಯಾಕ್ಯೂಮ್ ಕ್ಲೀನರ್‌ನ ಬಾಯಿಗೆ ತೆಳು ಪೈಪ್ ಸಿಕ್ಕಿಸಿ ಸಿಲಿಂಡರಿನ ತಳದವರೆಗೂ ಹೀರಿ ತೆಗೆಯಿರಿ.

ಶುಚಿ ಮಾಡಿ, ಇನ್ಸರ್ಟ್ ಕೂರಿಸಿ

ಹೊಸ ಥ್ರೆಡ್‌ನಲ್ಲಿ ಒಂದು ಚೂರು ಉಳಿದರೂ ಇನ್ಸರ್ಟ್ ಅಡ್ಡ ಕೂರುತ್ತದೆ. ಬ್ರೇಕ್ ಕ್ಲೀನರ್ ಸಿಂಪಡಿಸಿ, ಸಣ್ಣ ಬ್ರಷ್ ಆಡಿಸಿ, ಬಟ್ಟೆಯನ್ನು ಮೇಲೆ ಅಡ್ಡ ಹಿಡಿದು ಗಾಳಿ ಹೊಡೆಯಿರಿ. ತಳ ಮುಚ್ಚಿದ ತೂತಿಗೆ ಗಾಳಿ ಬಿಟ್ಟರೆ ಚೂರುಗಳು ನೇರ ಮುಖಕ್ಕೆ ಚಿಮ್ಮುತ್ತವೆ.

ಹೆಲಿಕಾಯಿಲ್‌ನ ಉದ್ದವನ್ನು ಬೋಲ್ಟಿನ ವ್ಯಾಸದ ಲೆಕ್ಕದಲ್ಲಿ ಹೇಳುತ್ತಾರೆ: ಒಂದರಷ್ಟು, ಒಂದೂವರೆಯಷ್ಟು, ಎರಡರಷ್ಟು. ಅಲ್ಯೂಮಿನಿಯಂ ಭಾಗದಲ್ಲಿ ಆಳ ಅನುಮತಿಸಿದರೆ ಎರಡರಷ್ಟು ಉದ್ದದ್ದನ್ನೇ ಹಾಕಿ. ಎಂ8ಕ್ಕೆ ಅದು 16 ಮಿಮೀ. ಸುರುಳಿಯ ತುದಿಯಲ್ಲಿ ಟ್ಯಾಂಗ್ ಎಂಬ ಅಡ್ಡ ತಂತಿ ಇರುತ್ತದೆ. ಆ ತುದಿ ಕೆಳಮುಖವಾಗಿರುವಂತೆ ಕೂರಿಸುವ ಉಪಕರಣಕ್ಕೆ ಸಿಕ್ಕಿಸಿ, ಮೇಲಿನಿಂದ ಒತ್ತದೆ ತಿರುಗಿಸುತ್ತಾ ಹೋಗಿ. ಒತ್ತಿದರೆ ಸುರುಳಿ ಒಂದು ಸುತ್ತು ಹಾರಿ ಕೂರುತ್ತದೆ. ಮೇಲಿನ ತುದಿ ಮೇಲ್ಮೈಗಿಂತ ಕಾಲಿನಿಂದ ಅರ್ಧ ಸುತ್ತಿನಷ್ಟು ಕೆಳಗಿಳಿದಾಗ ನಿಲ್ಲಿಸಿ. ಹೊರಗೆ ಉಳಿದರೆ ಗ್ಯಾಸ್ಕೆಟ್ ಕೂರುವುದಿಲ್ಲ, ಬೋಲ್ಟ್ ಅದನ್ನು ಕಚ್ಚಿ ಎಳೆಯುತ್ತದೆ. ಒಳಗಿಳಿದ ಸುರುಳಿಯನ್ನು ಉಪಕರಣ ಹಿಂದಕ್ಕೆ ತಿರುಗಿಸಿ ತೆಗೆಯಲಾಗದು ಎಂಬುದು ನೆನಪಿರಲಿ.

ಆಮೇಲೆ ಪಂಚ್ ಇಟ್ಟು ಒಂದೇ ಪೆಟ್ಟಿಗೆ ಟ್ಯಾಂಗ್ ಮುರಿದು, ಆ ತುಂಡನ್ನು ಹೊರಗೆ ತೆಗೆಯಿರಿ. ಸಿಲಿಂಡರಿಗೆ ತೆರೆದ ತೂತಾದರೆ ಪಂಚ್ ಬೇಡ. ಚೂಪುಮೂತಿಯ ಇಕ್ಕಳದಿಂದ ಹಿಡಿದು ಅತ್ತಿತ್ತ ಬಾಗಿಸಿ ಕೈಯಲ್ಲೇ ಮುರಿದುಕೊಳ್ಳಿ.

ಗಟ್ಟಿ ಬುಷ್ ಆದರೆ ಹೊರ ಥ್ರೆಡ್‌ಗೆ ಅದರ ತಯಾರಕರು ಹೇಳಿದ ಥ್ರೆಡ್ ಲಾಕರ್ ಅಂಟು ಎರಡು ಹನಿ ಹಚ್ಚಿ. ಒಳಗಿನ ಥ್ರೆಡ್‌ಗೆ ತಾಗಕೂಡದು. ಪೂರ್ತಿ ಗಟ್ಟಿಯಾಗಲು ಸಾಮಾನ್ಯವಾಗಿ 24 ಗಂಟೆ ಬೇಕು, ಅಷ್ಟು ಹೊತ್ತು ಬೋಲ್ಟ್ ಬಿಗಿಯಬೇಡಿ.

ಮತ್ತೆ ಬಿಗಿಯುವಾಗ

ಥ್ರೆಡ್ ಕಿತ್ತುಕೊಂಡು ಬಂದ ಹಳೆಯ ಬೋಲ್ಟನ್ನು ಎಸೆದು, ಅದೇ ದರ್ಜೆಯ ಹೊಸದನ್ನು ತನ್ನಿ. ಕೊನೆಯವರೆಗೆ ಬೆರಳಿನಿಂದಲೇ ತಿರುಗಿಸಿ ಇಳಿಸಿ. ಬೆರಳಿಗೆ ಒಪ್ಪದ ಬೋಲ್ಟ್ ಸ್ಪ್ಯಾನರಿಗೂ ಒಪ್ಪದು. ನಂತರ ಟಾರ್ಕ್ ರೆಂಚ್. ನಾವು ಹಾಕುವ ಟಾರ್ಕಿನ ಸುಮಾರು ಹತ್ತನೇ ಒಂದು ಭಾಗ ಮಾತ್ರ ಬೋಲ್ಟನ್ನು ಹಿಗ್ಗಿಸಿ ಹಿಡಿತ ಕೊಡುತ್ತದೆ, ಉಳಿದದ್ದೆಲ್ಲ ತಲೆಯ ಕೆಳಗಿನ ಮತ್ತು ಥ್ರೆಡ್‌ನ ಉಜ್ಜುವಿಕೆಗೆ ಹೋಗುತ್ತದೆ. ಆದ್ದರಿಂದಲೇ ಒಣ ಥ್ರೆಡ್‌ಗೆ ಕೊಟ್ಟ ಅಂಕಿಯನ್ನು ಎಣ್ಣೆ ಹಚ್ಚಿದ ಬೋಲ್ಟಿಗೆ ಹಾಕಿದರೆ ಹಿಡಿತ ಮಿತಿ ಮೀರಿ, ಹೊಸ ಥ್ರೆಡ್ ಕೂಡ ಸೋಲಬಹುದು. ಸರ್ವಿಸ್ ಮ್ಯಾನುವಲ್‌ನಲ್ಲಿ ಒಣ ಎಂದಿದೆಯೋ ಎಣ್ಣೆ ಹಚ್ಚಿ ಎಂದಿದೆಯೋ ಓದಿಕೊಂಡು, ಪಕ್ಕದ ಬೋಲ್ಟುಗಳ ಜೊತೆ ಎರಡು ಮೂರು ಹಂತಗಳಲ್ಲಿ, ಒಂದಾದ ಮೇಲೆ ಅದರ ಎದುರಿನದು ಎಂಬಂತೆ ಬಿಗಿಯಿರಿ.

ಬಿಗಿದಾದ ಮೇಲೆ ಬೋಲ್ಟಿನ ತಲೆಯಿಂದ ಭಾಗದ ಮೇಲಕ್ಕೆ ಬಣ್ಣದಲ್ಲಿ ಒಂದು ಗೆರೆ ಎಳೆಯಿರಿ. ಎಂಜಿನ್ ಪೂರ್ತಿ ಬಿಸಿಯಾಗಿ, ಮತ್ತೆ ಪೂರ್ತಿ ತಣ್ಣಗಾದ ಮೇಲೆ ಸೋರಿಕೆಯನ್ನೂ ಆ ಗೆರೆಯನ್ನೂ ನೋಡಿ. ಗೆರೆ ಕದಲಿದ್ದರೆ ಇನ್ನಷ್ಟು ಬಿಗಿಯಲು ಹೋಗದೆ ಬೋಲ್ಟ್ ಬಿಚ್ಚಿ ಪರೀಕ್ಷಿಸಿ. ಸುರುಳಿ ಅದರ ಜೊತೆಗೇ ಹೊರಬಂದರೆ ಕೊರೆಯುವಾಗ ತೂತು ಅಗಲವಾಗಿಹೋಗಿರುವ ಸಂಭವವೇ ಹೆಚ್ಚು. ಆಗ ಇನ್ನೊಂದು ಸುರುಳಿ ಹಾಕಿ ಫಲವಿಲ್ಲ. ಗೋಡೆಯ ದಪ್ಪ ಅಳೆದು ಗಟ್ಟಿ ಬುಷ್ ಹಾಕಬೇಕು. ಅದಕ್ಕೂ ದಪ್ಪ ಸಾಲದಿದ್ದರೆ, ಅಲ್ಯೂಮಿನಿಯಂ ಭಾಗವನ್ನು ಬಿಚ್ಚಿ ಟಿಗ್ ವೆಲ್ಡಿಂಗ್‌ನಿಂದ ತೂತು ತುಂಬಿಸಿ, ಮೇಲ್ಮೈ ಸಮ ಮಾಡಿಸಿ, ಹೊಸದಾಗಿ ಕೊರೆಸಿ ಥ್ರೆಡ್ ಹಾಕಿಸಬಹುದು.